ಬೆಳಕವಾಡಿಯಲ್ಲಿ ನೂರು ಪೆನ್‌ಡ್ರೈವ್

ಬನಶಂಕರಿ ಹತ್ತಿರ ಕೊಳ್ಳೇಗಾಲದ ಬಸ್ ಹತ್ತಿದಾಗ ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಆಫೀಸಿನ ಲ್ಯಾಪ್‌ಟಾಪ್, ಒಂದು ಬ್ಲೂಟೂತ್ ಸ್ಪೀಕರ್, ಅಜ್ಜಿಗೆ ಅಂತ ಅಮ್ಮ ಕಟ್ಟಿಕೊಟ್ಟ ಮಂಡಿನೋವಿನ ಎಣ್ಣೆ ಮತ್ತು ನೂರು ಪೆನ್‌ಡ್ರೈವ್ ಇದ್ದವು. ನೂರೂ ಒಂದೇ ಬಣ್ಣ. ಪ್ರತಿಯೊಂದರಲ್ಲೂ ಅದೇ ಆರು ಹಾಡು. ಹಾಡು ನನ್ನವು. ಅಥವಾ ಆವತ್ತಿನವರೆಗೆ ನಾನು ಹಾಗಂದುಕೊಂಡಿದ್ದೆ.

ಸಂಕ್ರಾಂತಿ ಮುಗಿದ ವಾರ. ಕನಕಪುರ, ಸಾತನೂರು, ಹಲಗೂರು ದಾಟಿ ಮಳವಳ್ಳಿ ಬರೋ ಹೊತ್ತಿಗೆ ಕಿಟಕಿಯಾಚೆ ಕೊಯ್ಲಾದ ಗದ್ದೆ, ಕಬ್ಬಿನ ಲೋಡ್ ಹೊತ್ತ ಟ್ರ್ಯಾಕ್ಟರು, ಕೊಂಬಿಗೆ ಬಳಿದ ಬಣ್ಣ ಇನ್ನೂ ಮಾಸದ ಎತ್ತುಗಳು. ಮಳವಳ್ಳಿಯಿಂದ ಕೊಳ್ಳೇಗಾಲದ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಬೆಳಕವಾಡಿ. ಅಮ್ಮನ ತವರು. ನಾನು ಬೇಸಿಗೆ ರಜೆ ಕಳೆದ ಊರು. ಈಗ ನನ್ನ ಸರಕಿಗೆ ಕೊನೆಯ ಮಾರುಕಟ್ಟೆ.

ಒಂದು ಲಕ್ಷ ಎಂಬತ್ತೈದು ಸಾವಿರದ ಲೆಕ್ಕ

ಹಗಲು ಕೋಡ್ ಬರೆಯೋದು, ರಾತ್ರಿ ಗಿಟಾರ್ ಹಿಡಿಯೋದು. ಬೆಂಗಳೂರಿನಲ್ಲಿ ಇಂಥವರು ಅಪಾರ್ಟ್‌ಮೆಂಟಿಗೊಬ್ಬರಾದರೂ ಸಿಗುತ್ತಾರೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಆಲ್ಬಮ್ ಮಾಡಿದೆ. ಎರಡು ವರ್ಷ ಹಿಡಿಯಿತು. ಸ್ಟುಡಿಯೋಗೆ 60 ಸಾವಿರ, ನುಡಿಸಿದವರಿಗೆ 48 ಸಾವಿರ, ಮಿಕ್ಸಿಂಗ್ ಮಾಸ್ಟರಿಂಗ್‌ಗೆ 42 ಸಾವಿರ, ಕವರ್ ಚಿತ್ರಕ್ಕೆ 10 ಸಾವಿರ, ಲಿರಿಕಲ್ ವಿಡಿಯೋಗೆ 15 ಸಾವಿರ, ಇನ್‌ಸ್ಟಾಗ್ರಾಮ್ ಜಾಹೀರಾತಿಗೆ 10 ಸಾವಿರ. ಒಟ್ಟು 1,85,000 ರೂಪಾಯಿ. ಅಪ್ಪನಿಗೆ ಇವತ್ತಿಗೂ ಹೇಳಿರೋದು 'ಒಂದ್ ನಲವತ್ತು ಆಯ್ತು' ಅಂತ.

ಬಿಡುಗಡೆ ಮಾಡೋದು ಸುಲಭ. ವಿತರಕರ ವೆಬ್‌ಸೈಟಿನಲ್ಲಿ ಹಾಡು ಹಾಕಿದರೆ ಅವರೇ ಎಲ್ಲ ಆ್ಯಪ್‌ಗಳಿಗೂ ಕಳಿಸುತ್ತಾರೆ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಅನ್ನೋ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಬರುತ್ತೆ, ಹಾಡಿನ ಆಧಾರ್ ಕಾರ್ಡ್ ಇದ್ದ ಹಾಗೆ. ಆಮೇಲೆ ಒಂದು ಫಾರ್ಮ್. ಸಾಹಿತ್ಯ ಯಾರದು? ಸಂಗೀತ ಯಾರದು? ಹಾಡಿದವರು ಯಾರು? ಆವತ್ತು ರಾತ್ರಿ ಒಂದೂವರೆ ಗಂಟೆ, ಬೆಳಗ್ಗೆ ಆಫೀಸಿನಲ್ಲಿ ರಿಲೀಸ್ ಇತ್ತು. ಆರೂ ಹಾಡಿಗೆ, ಮೂರೂ ಕಾಲಮ್ಮಿನಲ್ಲಿ ನನ್ನ ಹೆಸರನ್ನೇ ಕಾಪಿ ಪೇಸ್ಟ್ ಮಾಡಿ ಮಲಗಿದೆ.

ನಾಲ್ಕನೇ ಹಾಡಿನಲ್ಲಿ ಅಜ್ಜಿಯ ದನಿ ಇದೆ. ನಾಲ್ಕು ವರ್ಷದ ಹಿಂದೆ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಅಜ್ಜಿ ಹಾಡಿದ ಸೋಬಾನೆ ಪದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದರಿಂದ 40 ಸೆಕೆಂಡ್ ಕತ್ತರಿಸಿ, ಹಿಂದೆ ಗಿಟಾರು, ಕೆಳಗೆ ಒಂದು ಬೀಟ್ ಸೇರಿಸಿದ್ದೆ. ಅಜ್ಜಿಗೆ ಇದು ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ನೋಡಿದರೆ ಆರು ಹಾಡು ಸೇರಿ ಆ್ಯಪ್‌ಗಳಲ್ಲಿ ಕೇಳಿದ್ದು 2,140 ಸಲ. ಅದರಲ್ಲಿ ನಾನೇ ಎಷ್ಟು ಸಲ ಅಂತ ಕೇಳಬೇಡಿ. ಅತಿ ಹೆಚ್ಚು ಅಂದರೆ ನಾಲ್ಕನೇ ಹಾಡು, 712. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಆ ಗೆರೆ ದಾಟಿದರೂ 'ಒಂದು ಸಲ ಕೇಳಿದರೆ ಇಷ್ಟು ಪೈಸೆ' ಅಂತ ದರವೇನಿಲ್ಲ. ಬಂದ ದುಡ್ಡೆಲ್ಲ ಒಂದು ರಾಶಿ, ಒಟ್ಟು ಕೇಳುವಿಕೆಯಲ್ಲಿ ನಿಮ್ಮ ಪಾಲು ಎಷ್ಟೋ ರಾಶಿಯಲ್ಲಿ ಅಷ್ಟು. ನನ್ನ ಪಾಲು ಕಾಣಬೇಕಾದರೆ ಸೂಕ್ಷ್ಮದರ್ಶಕ ಬೇಕು.

ಜಾಹೀರಾತಿಗೆ ಹಾಕಿದ 10 ಸಾವಿರಕ್ಕೆ 60 ಸಾವಿರ ಜನ ವಿಡಿಯೋ 'ನೋಡಿದ್ದರು'. ಲಿಂಕ್ ಒತ್ತಿದವರು 41 ಜನ. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ 23 ಹೃದಯದ ಚಿಹ್ನೆ ಬಂದವು. ಆ 23 ಜನರಲ್ಲಿ ಹಾಡು ಕೇಳಿದವರು ಇಬ್ಬರು ಅಂತ ಆಮೇಲೆ ಊಟದ ಟೇಬಲ್ಲಿನಲ್ಲಿ ಗೊತ್ತಾಯಿತು.

ಬೇಜಾರಿನಲ್ಲಿ ಮಾವನಿಗೆ ಫೋನ್ ಮಾಡಿದ್ದೆ. ಮಾವ ಅಂದರು, 'ನೀ ಆ್ಯಪು ಗೀಪು ಅಂತೀಯಾ. ನಮ್ಮ್ ಟ್ರ್ಯಾಕ್ಟರ್‌ನಲ್ಲಿ ಪೆನ್‌ಡ್ರೈವ್ ಕಣ್ಲಾ ಓಡಾದು. ಒಂದ್ ನೂರ್ ಮಾಡ್ಸ್ಕೊಂಡ್ ಬಾ, ನೋಡವಾ.'

ಖಾಲಿ ಪೆನ್‌ಡ್ರೈವ್ 160, ಮೇಲಿನ ಕಾರ್ಡು ಪ್ರಿಂಟು 15. ನೂರಕ್ಕೆ ಇನ್ನೂ 17,500 ರೂಪಾಯಿ ಹೋಯಿತು. ಬೆಲೆ 300 ಅಂತ ಇಟ್ಟೆ.

ಊರೇ ಇನಿಷಿಯಲ್ಲು

ಬೆಳಕವಾಡಿಗೆ ಇಳಿದು ಟೀ ಅಂಗಡಿ ಹತ್ತಿರ ನಿಂತರೆ ಎಲ್ಲ ಊರಿನ ಹಾಗೇ ಕಾಣುತ್ತೆ. ಬಸ್ ಕಾಯೋ ಕಾಲೇಜು ಮಕ್ಕಳು, ಗೊಬ್ಬರದ ಅಂಗಡಿ, ಕೊಳ್ಳೇಗಾಲದ ಕಡೆ ಹೋಗೋ ಲಾರಿಗಳ ಧೂಳು. ಗಗನಚುಕ್ಕಿಗೆ ಹೋಗುವ ಕಾರುಗಳು ಇಲ್ಲಿ ನಿಧಾನ ಮಾಡೋದು ಹಂಪ್ ಇದೆ ಅಂತ ಮಾತ್ರ.

ಆದರೆ ಸಂಗೀತದವರಿಗೆ ಈ ಹೆಸರು ಗೊತ್ತು. ಮೈಸೂರು ಸೀಮೆಯ ಹಳೇ ತಲೆಮಾರಿನ ಕರ್ನಾಟಕ ಸಂಗೀತ ವಿದ್ವಾಂಸರಲ್ಲಿ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ ಅಂತ ಒಬ್ಬರಿದ್ದರು. ಅವರನ್ನು ನೆನೆಯುವವರು ಊರು ಬಿಟ್ಟು ಹೆಸರು ಹೇಳುವುದಿಲ್ಲ. ಯೋಚನೆ ಮಾಡಿದರೆ ನಮ್ಮ ಕಡೆಯ ಸಂಗೀತಗಾರರೆಲ್ಲ ಹೀಗೇ. ಮೈಸೂರು ವಾಸುದೇವಾಚಾರ್ಯರು. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ 'ಟಿ' ಅಂದರೆ ತಿರುಮಕೂಡಲು, ಇಲ್ಲಿಂದ ನದಿಯಾಚೆಗೆ. ಮಲೆ ಮಹದೇಶ್ವರ, ಮಂಟೇಸ್ವಾಮಿಯವರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಮಳವಳ್ಳಿ ಮಹದೇವಸ್ವಾಮಿ. ಇವರಿಗೆಲ್ಲ ಊರೇ ಬ್ರ್ಯಾಂಡು. ಹಾಡಿದವರು ಯಾರು ಅಂತ ಕೇಳಿದರೆ ಮೊದಲು ಎಲ್ಲಿಯವರು ಅನ್ನೋದಕ್ಕೆ ಉತ್ತರ ಸಿಗುತ್ತಿತ್ತು.

ನನ್ನ ಆಲ್ಬಮ್ಮಿನ ಕಲಾವಿದನ ಹೆಸರು ಒಂದು ಇಂಗ್ಲಿಷ್ ಪದ. ಎರಡು ದಿನ ಕೂತು ಹುಡುಕಿದ್ದು. ಟೀ ಅಂಗಡಿಯವರು ಕಾರ್ಡು ತಿರುಗಿಸಿ ತಿರುಗಿಸಿ ನೋಡಿ, 'ಇದೇನ್ ಸಾರ್, ಬೀಜದ್ ಕಂಪ್ನಿಯಾ?' ಅಂದರು.

ಮಾವನ ಸ್ನೇಹಿತರೊಬ್ಬರು ಬೆಲೆ ಕೇಳಿ ನಕ್ಕರು. 'ಆರ್ ಹಾಡ್ಗೆ ಮುನ್ನೂರಾ? ಮಳವಳ್ಳೀಲಿ ಮೊಬೈಲ್ ಅಂಗ್ಡಿಯವ್ನು ನೂರ್ ರೂಪಾಯ್ಗೆ ಇನ್ನೂರ್ ಹಾಡ್ ಹಾಕ್ಕೊಡ್ತಾನೆ. ಅದ್ರಲ್ಲಿ ರಾಜ್‌ಕುಮಾರೂ ಇರ್ತಾರೆ.' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ದಿನ ನಾಲ್ಕು ಹೋದವು. ನಾಲ್ಕೂ ಮಾವನ ಮುಲಾಜಿಗೆ.

1902

ಮಾರನೇ ದಿನ ಭಾನುವಾರ. ಪ್ರವಾಸಿಗರಿಗೆ ಮಾರೋಣ ಅಂತ ಮಾವನ ಬೈಕಿನಲ್ಲಿ ಗಗನಚುಕ್ಕಿಗೆ ಹೋದೆವು. ಜನವರಿಯಲ್ಲಿ ಜಲಪಾತ ಮಳೆಗಾಲದ ಹಾಗಿರಲ್ಲ. ಬಂಡೆ ಜಾಸ್ತಿ, ನೀರು ಕಡಿಮೆ. ಆದರೂ ಪಾರ್ಕಿಂಗ್ ತುಂಬಿತ್ತು. ಸುಟ್ಟ ಜೋಳ, ಉಪ್ಪು ಖಾರ ಹಚ್ಚಿದ ಸೌತೆಕಾಯಿ, ಸೆಲ್ಫಿ. ನಾನು ಸ್ಪೀಕರ್ ಹಾಕಿಕೊಂಡು ನಿಂತೆ. ಒಂದೂವರೆ ಗಂಟೆಯಲ್ಲಿ ಹನ್ನೊಂದು ಜನ ದಾರಿ ಕೇಳಿದರು, ಒಬ್ಬರು ಚಾರ್ಜರ್ ಇದೆಯಾ ಅಂದರು. ವ್ಯಾಪಾರ ಸೊನ್ನೆ.

ಸೌತೆಕಾಯಿ ತಿನ್ನುತ್ತಾ ಮಾವ ಕೆಳಗಿನ ವಿದ್ಯುದಾಗಾರದ ಕಥೆ ಹೇಳಿದರು. ಶಿವನಸಮುದ್ರದಲ್ಲಿ ಕರೆಂಟ್ ಶುರುವಾಗಿದ್ದು 1902ರಲ್ಲಿ. ಹುಟ್ಟಿದ ಕರೆಂಟ್ ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ. 'ನಮ್ಮ್ ತಾತಂಗೆ ತಂತಿ ಕಾಣ್ತಿತ್ತಂತೆ ಕಣ್ಲಾ, ದೀಪ ಕಾಣ್ತಿರ್ಲಿಲ್ಲ' ಅಂದರು ಮಾವ. ಊರಿನ ಹೆಸರು ಬೆಳಕವಾಡಿ, ನೋಡಿ.

1902 ಅಂದ ಕೂಡಲೇ ನನಗೆ ನೆನಪಾಗಿದ್ದು ಇನ್ನೊಂದು. ಅದೇ ವರ್ಷ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿಕೊಂಡರು. ನಮ್ಮ ದೇಶದಲ್ಲಿ ಮಾರಾಟಕ್ಕೆ ಅಂತ ಆದ ಮೊದಮೊದಲ ರೆಕಾರ್ಡಿಂಗ್‌ಗಳು ಅವು. ಪ್ರತಿ ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದು ಅಂತ ತಿಳಿಯೋದು ಹೇಗೆ? ಹಾಡಿನೊಳಗೇ ಹೆಸರು ಇರಬೇಕು. ನಾನು ದಿನಾ ಆಫೀಸಿನಲ್ಲಿ ಮೆಟಾಡೇಟಾ ಅನ್ನೋದು ಇದನ್ನೇ. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಇದನ್ನು ಮಾವನಿಗೆ ಹೇಳಿದೆ. 'ಹೆಸ್ರು ಹೇಳ್ಕೊಳ್ದೆ ಯಾವ ಪದ ಮುಗೀತದೆ ಬುಡು' ಅಂದು ಬೈಕ್ ಕಿಕ್ ಮಾಡಿದರು. 'ನಡಿ, ನಿನ್ನ ಒಬ್ರ ತಾವ್ಕೆ ಕರ್ಕೊಂಡೋಯ್ತೀನಿ.'

ಜೋಳಿಗೆ ಬಿಚ್ಚೋ ಹೊತ್ತು

ಬೊಪ್ಪೇಗೌಡನಪುರ ಇದೇ ಮಳವಳ್ಳಿ ತಾಲ್ಲೂಕು. ಮಂಟೇಸ್ವಾಮಿ ಪರಂಪರೆಯ ಮುಖ್ಯ ಮಠ ಇರೋ ಊರು. ಈ ಪರಂಪರೆಯ ಕಥೆ ಹಾಡುವವರು ನೀಲಗಾರರು. ಕೈಯಲ್ಲಿ ತಂಬೂರಿ, ಜೊತೆಗೆ ತಾಳ, ಗಗ್ಗರ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡಿದರೂ ಮುಗಿಯಲ್ಲ. ಬನದ ಹುಣ್ಣಿಮೆ ಹತ್ತಿರ ಬಂದಿತ್ತು. ಕಾವೇರಿಯಾಚೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆ, ಚಂದ್ರಮಂಡಲ ಹೊತ್ತಿಸುವುದು, ಆಮೇಲೆ ಐದು ದಿನದ ಗದ್ದಲ. ಹಾಗಾಗಿ ಆ ದಿನಗಳಲ್ಲಿ ಆ ಕಡೆಯ ಹಾಡುಗಾರರು ಮನೆಯಲ್ಲಿ ಸಿಗೋದೇ ಕಷ್ಟ. ಮಾವನ ಪರಿಚಯದ ಹಿರಿಯರೊಬ್ಬರು ಪಕ್ಕದ ಹಳ್ಳಿಯಲ್ಲಿ, ಜಗುಲಿ ಮೇಲೆ ಕೂತು ತಂಬೂರಿ ತಂತಿ ಬದಲಾಯಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ಅವರದ್ದೂ ಎರಡು ಕ್ಯಾಸೆಟ್ ಬಂದಿತ್ತಂತೆ. ಆಗ ಕ್ಯಾಸೆಟ್ ಅಂದರೆ ಸುಮ್ಮನೆಯಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಮನೆಮನೆಗೆ ಹೋಯಿತು. ಅದೇ ಪೆಟ್ಟಿಗೆಯೊಳಗೆ ಜನಪದವೂ ಹೊರಟಿತು. ಬಸ್ಸು, ಹೋಟೆಲ್ಲು, ರೈಸ್‌ಮಿಲ್ಲು, ಎಲ್ಲ ಕಡೆ ಮಾದಪ್ಪನ ಪದ, ಸಿದ್ದಪ್ಪಾಜಿ ಪದ.

'ದುಡ್ಡು ಬಂತಾ ಯಜಮಾನ್ರೇ?' ಅಂದೆ.

'ಒಂದ್ ಸತಿ ಕೊಟ್ರು, ರುಜು ಹಾಕುಸ್ಕೊಂಡ್ರು. ಆಮೇಲ್ ಎಷ್ಟ್ ಮಾರುದ್ರೋ ಆ ಸ್ವಾಮಿಗೇ ಗೊತ್ತು. ನಾನೇ ಅವ್ರ ತಾವ ನೂರ್ ಕ್ಯಾಸೆಟ್ ಕೊಂಡ್ಕೊಂಡ್ ಬಂದು ಜಾತ್ರೇಲಿ ಮಾರ್ದೆ. ನಂಗೆ ಕಾಸ್ ಸಿಕ್ಕಿದ್ದು ಅದ್ರಲ್ಲೇಯ.'

ತನ್ನದೇ ದನಿಯನ್ನು ದುಡ್ಡು ಕೊಟ್ಟು ಕೊಂಡು ಮಾರಿದ ಮನುಷ್ಯ ನಗುತ್ತಿದ್ದರು. ಮಾರಿದ್ದು ಹೇಗೆ ಅಂತ ಕೇಳಿದೆ. ಅದಕ್ಕೆ ಅವರು ಹೇಳಿದ್ದನ್ನು ನಾನು ಯಾವ ಮಾರ್ಕೆಟಿಂಗ್ ವಿಡಿಯೋದಲ್ಲೂ ಕೇಳಿಲ್ಲ.

'ಬಂದೇಟ್ಗೆ ಮಾರಕ್ ನಿಂತ್ಕೊಬಾರ್ದು. ಮೊದ್ಲು ಗುರುಗಳ ಹೆಸ್ರು. ಆಮೇಲೆ ಪದ. ಕಥೆ ಎಲ್ಲಿ ಬಿಗಿಯಾಯ್ತದೋ ಅಲ್ ನಿಲ್ಸಿ, ನೀರ್ ಕುಡ್ಕೊಂಡು, ಜೋಳಿಗೆ ಬಿಚ್ಚು. ಮುಂದೇನಾಯ್ತು ಅಂತ ಬೇಕಾದೋನು ತಕ್ಕೊಂಡೇ ತಕ್ಕೊತಾನೆ. ಆದ್ರೆ ಮುಂದೇನಾಯ್ತು ಅಂತ ಅದ್ರೊಳ್ಗೆ ಇರ್ಬೇಕು ಮತ್ತೆ. ಇಲ್ದಿದ್ರೆ ಮುಂದಿನ ವರ್ಸ ಅದೇ ಜಾತ್ರೇಲಿ ಮಕ ತೋರ್ಸಕ್ ಆಗಲ್ಲ.'

ನನ್ನ ಹಾಡು ಕೇಳಿಸಿದೆ. ಮೂರು ಹಾಡಿಗೆ ಸುಮ್ಮನಿದ್ದರು. ನಾಲ್ಕನೆಯದರಲ್ಲಿ ಅಜ್ಜಿಯ ದನಿ ಬಂದಾಗ ತಂತಿ ಬಿಗಿಯೋದು ನಿಲ್ಲಿಸಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ. 'ಈ ಪದ ಯಾರ್ದು?'

'ನನ್ನದೇ' ಅನ್ನೋಕೆ ಬಾಯಿ ಬರಲಿಲ್ಲ. 'ನಮ್ಮಜ್ಜಿದು' ಅಂದೆ. ಅವರು ಕಾರ್ಡು ಎತ್ತಿ ನೋಡಿದರು. ಅದರ ಮೇಲೆ ಆ ಹೆಸರು ಇಲ್ಲ ಅಂತ ಓದಿ ಹೇಳಬೇಕಾಗಿರಲಿಲ್ಲ. ವಾಪಸ್ ಕೊಟ್ಟರು.

ಹೆಸರಿಲ್ಲದ ಕಾರ್ಡು

ಸಾಯಂಕಾಲ ಮನೆಯಲ್ಲಿ ಅತ್ತೆ ಹಿತುಕಿದ ಅವರೆಬೇಳೆ ಸಾರು ಮಾಡಿದ್ದರು. ಊಟ ಆದಮೇಲೆ ಅಕ್ಕಪಕ್ಕದ ಹೆಂಗಸರು ನಾಲ್ಕು ಜನ ಬಂದು ಪಡಸಾಲೆಯಲ್ಲಿ ಕೂತರು. ಮಾವ ಊರೆಲ್ಲ ಹೇಳಿಬಿಟ್ಟಿದ್ದರು, ನಮ್ಮ ಹುಡುಗ ಹಾಡು ಮಾಡಿದ್ದಾನೆ ಅಂತ. ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ. ಸ್ಪೀಕರ್ ಹಚ್ಚಿದೆ, ನೇರವಾಗಿ ನಾಲ್ಕನೇ ಹಾಡು.

ಅಜ್ಜಿಗೆ ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ. ತನ್ನ ದನಿ ಬಂದಾಗ ಮೊದಲು ಗೊತ್ತಾಗಲಿಲ್ಲ. ಪಕ್ಕದವರು 'ನಿಮ್ದೇ ಕಣಕ್ಕಾ' ಅಂದಾಗ ಸ್ಪೀಕರ್ ಹತ್ತಿರ ಬಗ್ಗಿದರು. 40 ಸೆಕೆಂಡ್ ಆಯಿತು. ಗಿಟಾರ್ ಬಂತು. ಅಜ್ಜಿ ಇನ್ನೂ ಬಗ್ಗಿಯೇ ಇದ್ದರು, ಮುಂದಿನ ಸಾಲಿಗೆ ಕಾಯುತ್ತಾ. ಮುಂದಿನ ಸಾಲು ಬರಲಿಲ್ಲ.

'ಯಾಕ್ ಮಗ ಅಲ್ಗೇ ಕುಯ್ದ್‌ಬುಟ್ಟೆ? ಹೆಣ್ಣು ಇನ್ನೂ ಹೊಸ್ತಿಲೇ ದಾಟಿಲ್ವಲ್ಲೋ.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನಗೆ ಈ ಪದದಲ್ಲಿ ಒಂದು ಹೊಸ್ತಿಲಿದೆ, ಅದನ್ನು ದಾಟುವ ಹೊತ್ತಿಗೆ ಹಾಡು ತಿರುಗುತ್ತೆ ಅನ್ನೋದೇ ಗೊತ್ತಿರಲಿಲ್ಲ. ನಾನು ಕೇಳಿದ್ದು ದನಿಯ ಬನಿ ಮಾತ್ರ. ಒಂಬತ್ತು ನಿಮಿಷದ ರೆಕಾರ್ಡಿಂಗಿನಲ್ಲಿ ಗಲಾಟೆ ಕಡಿಮೆ ಇದ್ದ ಜಾಗ ಹುಡುಕಿ ಕತ್ತರಿಸಿದ್ದೆ.

ಆಮೇಲೆ ಅಜ್ಜಿ ಕೇಳಿದರು, 'ನಮ್ಮ್ ದೊಡ್ಡವ್ವನ್ ಹೆಸ್ರು ಹಾಕಿದ್ದೀಯಾ ಅದ್ರಲ್ಲಿ?'

ನಾನು ಅಜ್ಜಿ ತನ್ನ ಹೆಸರು ಕೇಳುತ್ತಾರೆ ಅಂದುಕೊಂಡಿದ್ದೆ. ಅದಕ್ಕೆ ಒಂದು ಸಮಾಧಾನದ ಉತ್ತರವನ್ನೂ ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದೆ. ದೊಡ್ಡವ್ವ ಅಂದರೆ ಯಾರು ಅಂತಲೇ ಗೊತ್ತಿಲ್ಲ. ಅಜ್ಜಿಯ ತಾಯಿಯ ಅಕ್ಕ, ತಲಕಾಡಿನ ಕಡೆಯವರು, ಮಕ್ಕಳಿರಲಿಲ್ಲ, ಸುತ್ತಮುತ್ತಲಿನ ಮದುವೆಗಳಿಗೆಲ್ಲ ಸೋಬಾನೆ ಹೇಳೋಕೆ ಅವರನ್ನೇ ಕರೆಯುತ್ತಿದ್ದರಂತೆ. 'ನಂಗೆ ಪದ ಕಲ್ಸಿದ್ದು ಅವ್ಳೇ. ಅವ್ಳ್ ಹೆಸ್ರು ಹೇಳಕ್ ಇನ್ಯಾರ್ ಅವ್ರೆ?'

ಆ ರಾತ್ರಿ ಹೇಳಿಬಿಟ್ಟೆ. ಫಾರ್ಮಿನಲ್ಲಿ ಎಲ್ಲ ಕಡೆ ನನ್ನ ಹೆಸರೇ ಬರೆದಿದ್ದೀನಿ ಅಂತ. ಅಜ್ಜಿಗೆ ಫಾರ್ಮು ಅರ್ಥವಾಗಲಿಲ್ಲ, ವಿಷಯ ಅರ್ಥವಾಯಿತು. ಬೈಯಲಿಲ್ಲ. 'ತಿದ್ದಕಾಯ್ತದಾ?' ಅಂದರು.

ತಿದ್ದೋಕಾಗುತ್ತೆ. ಇದನ್ನು ನನ್ನ ಹಾಗೆ ರಾತ್ರಿ ಒಂದೂವರೆಗೆ ಫಾರ್ಮ್ ತುಂಬೋ ಗೆಳೆಯರಿಗಾಗಿ ಬರೀತಿದ್ದೀನಿ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದದ ಸಾಹಿತ್ಯ ನಿಮ್ಮದಲ್ಲ. ಆ ಕಾಲಮ್ಮಿನಲ್ಲಿ 'ಸಾಂಪ್ರದಾಯಿಕ' ಅಂತ ಹಾಕೋ ಆಯ್ಕೆ ಸಾಮಾನ್ಯವಾಗಿ ಇರುತ್ತೆ. ನೀವು ಕಟ್ಟಿದ ವಾದ್ಯ ಸಂಯೋಜನೆ ನಿಮ್ಮದು, ಅಷ್ಟಕ್ಕೆ ನಿಮ್ಮ ಹೆಸರು. ಹಾಡಿದವರದ್ದು ಬೇರೆಯೇ ಹಕ್ಕು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತಲೇ ಇದೆ, 50 ವರ್ಷ ಬಾಳುತ್ತೆ. 2012ರ ತಿದ್ದುಪಡಿ ಆದಮೇಲೆ ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿಯಲ್ಲಿ ಅವರಿಗೂ ಪಾಲಿದೆ. ಅಜ್ಜಿ ಅನ್ನೋದು ಸಂಬಂಧ, ಒಪ್ಪಿಗೆ ಪತ್ರ ಅಲ್ಲ.

50 ವರ್ಷದ ಮಾತು ಹೇಳಿದಾಗ ಅಜ್ಜಿ, 'ಅಷ್ಟ್ ದಿನ ಇದ್ದು ನಾನೇನ್ ಮಾಡ್ಲಿ ಬುಡು' ಅಂದರು.

ಒಂಬತ್ತು ನಿಮಿಷ

ಆಮೇಲೆ ನಡೆದದ್ದು ನನ್ನ ಯೋಜನೆ ಅಲ್ಲ. ಪಕ್ಕದ ಮನೆಯವರೇ ಶುರು ಮಾಡಿದ್ದು. 'ಪೂರ್ತಿ ಹೇಳಕ್ಕಾ, ಹುಡ್ಗ ಕೇಳ್ಲಿ.' ಅಜ್ಜಿಗೆ ಈಗ ಉಸಿರು ಹಿಡಿಯಲ್ಲ. ಅರ್ಧ ಸಾಲು ಹೇಳಿ ನಿಲ್ಲಿಸಿದರೆ ಉಳಿದ ನಾಲ್ವರು ಮುಗಿಸುತ್ತಿದ್ದರು. ಸೋಬಾನೆ ಇರೋದೇ ಹಾಗೆ, ಒಬ್ಬರು ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು. ಒಬ್ಬರ ದನಿ ಮಾತ್ರ ಕತ್ತರಿಸಿ ತಂದ ನನಗೆ ಅದು ಆವತ್ತು ಕಣ್ಣಿಗೆ ಬಿತ್ತು.

ಫೋನನ್ನು ಸ್ಟೀಲ್ ಡಬ್ಬದ ಮೇಲೆ, ಮಡಿಚಿದ ಟವೆಲ್ ಹಾಸಿ ಇಟ್ಟೆ. ಫ್ಯಾನ್ ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ. ಅತ್ತೆ ಬಾಗಿಲು ಹಾಕಿದರು. ಶುರು ಮಾಡೋ ಮುಂಚೆ ಒಂದು ಕೇಳಿಕೊಂಡೆ. ಎಲ್ಲರೂ ತಮ್ಮ ಹೆಸರು, ಹುಟ್ಟಿದ ಊರು, ಪದ ಕಲಿಸಿದವರ ಹೆಸರು ಹೇಳಿ ಅಂತ. ಗೌಹರ್ ಜಾನ್ ಕೊನೆಗೆ ಹೇಳುತ್ತಿದ್ದರು, ಜಗುಲಿಯ ಹಿರಿಯರು ಮೊದಲೇ ಹೇಳುತ್ತೇವೆ ಅಂದಿದ್ದರು. ನಾವು ಮೊದಲೇ ಹೇಳಿದೆವು.

ಒಬ್ಬೊಬ್ಬರದೂ ಒಂದೊಂದು ದಾರಿ. ಒಬ್ಬರಿಗೆ ಅತ್ತೆ ಕಲಿಸಿದ್ದು, ಒಬ್ಬರು ನಾಟಿ ಮಾಡುವಾಗ ಗದ್ದೆಯಲ್ಲಿ ಕಲಿತದ್ದು. ಇನ್ನೊಬ್ಬರು 'ನಂಗ್ಯಾರೂ ಕಲ್ಸಿಲ್ಲ, ಇವ್ರ್ ಹಿಂದೆ ಹಿಂದೆನೇ ಹೇಳ್ಕೊಂಡೆ' ಅಂತ ಅಜ್ಜಿಯ ಕಡೆ ಕೈ ತೋರಿಸಿದರು. ಅಜ್ಜಿ ಕೊನೆಗೆ ದೊಡ್ಡವ್ವನ ಹೆಸರು ಹೇಳಿ, ಒಂದು ಗಳಿಗೆ ಸುಮ್ಮನಿದ್ದು, ಪದ ಎತ್ತಿದರು. ಹೆಣ್ಣು ಹೊಸ್ತಿಲು ದಾಟಿದಳು. ದಾಟಿದ ಮೇಲೆ ಏನಾಗುತ್ತೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಜಗುಲಿಯ ಪಾಠ ಅಷ್ಟಾದರೂ ಕಲಿತಿದ್ದೀನಿ.

ರಾತ್ರಿ ಎರಡು ಗಂಟೆವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಉಳಿದ ತೊಂಬತ್ತಾರಕ್ಕೂ ಏಳನೇ ಫೈಲ್ ಹಾಕಿದೆ. ಗಿಟಾರ್ ಇಲ್ಲ, ಬೀಟ್ ಇಲ್ಲ. ಮಧ್ಯೆ ಎಲ್ಲೋ ನಾಯಿ ಬೊಗಳುತ್ತೆ, ತೆಗೆಯಲಿಲ್ಲ. ಬೆಳಗ್ಗೆ ಮೊದಲು ಮಾರಿದ್ದ ನಾಲ್ಕನ್ನೂ ಇಸ್ಕೊಂಡು ಅದಕ್ಕೂ ಹಾಕಿಕೊಟ್ಟೆ. ಕಾರ್ಡಿನ ಹಿಂದೆ ಐವರ ಹೆಸರು ಪೆನ್ನಿನಲ್ಲಿ ಬರೆದೆ, ನೂರು ಸಲ. ಅತ್ತೆಯ ಮಗಳು ಅರ್ಧ ಬರೆದುಕೊಟ್ಟಳು.

ಲೆಕ್ಕ ಚುಕ್ತಾ ಆಗಿಲ್ಲ

ಸೋಮವಾರ ರಜೆ ಹಾಕಿ ಉಳಿದೆ. ಈ ಸಲ ಟೀ ಅಂಗಡಿ ಮುಂದೆ 40 ಸೆಕೆಂಡ್ ಕೇಳಿಸಿ ನಿಲ್ಲಿಸಿದೆ. 'ಆಮೇಲೆ?' ಅಂದರು. ಕಾರ್ಡು ತಿರುಗಿಸಿ ಹೆಸರು ತೋರಿಸಿದೆ. 'ಓ, ಇವ್ರಾ! ನಮ್ಮ್ ತಂಗಿ ಮದ್ವೇಲಿ ಇವ್ರೇ ಕಣಪ್ಪ ಹೇಳಿದ್ದು' ಅಂತ ಒಬ್ಬರು ಎರಡು ತೆಗೆದುಕೊಂಡರು, ಒಂದು ದುಬೈನಲ್ಲಿರೋ ಮಗನಿಗೆ. ಮುನ್ನೂರು ಜಾಸ್ತಿ ಅಂತ ನಕ್ಕಿದ್ದವರೇ ಬಂದು, 'ಇದು ಮಳವಳ್ಳಿ ಅಂಗ್ಡೀಲಿ ಸಿಗಲ್ಲ ಬುಡು' ಅಂತ ಒಂದು ಇಸ್ಕೊಂಡರು. ಬೆಂಗಳೂರಿಗೆ ಬಂದ ಮೇಲೆ ನಮ್ಮ ಕಡೆಯ ಸಹೋದ್ಯೋಗಿಗಳು, ಅವರ ಅಮ್ಮಂದಿರು ಕೇಳಿ ತರಿಸಿಕೊಂಡರು.

ಇವತ್ತಿಗೆ ಮಾರಿದ್ದು 64. ಪುಕ್ಕಟೆ ಹೋಗಿದ್ದು 9. ಉಳಿದದ್ದು 27. 64ಕ್ಕೆ 19,200 ರೂಪಾಯಿ ಬಂತು. ಒಂದಕ್ಕೆ 50 ರೂಪಾಯಿಯಂತೆ ಐವರಿಗೆ ಅಂತ 3,200 ತೆಗೆದಿಟ್ಟೆ, ತಲಾ 640. ನೂರು ಪೆನ್‌ಡ್ರೈವಿನ ಖರ್ಚು 17,500 ಕಳೆದರೆ ನನಗೆ 1,500 ನಷ್ಟ. ಆಲ್ಬಮ್ಮಿನ 1,85,000 ಹಾಗೇ ಇದೆ. ಅಂದರೆ ಯಶಸ್ಸಿನ ಕಥೆ ಓದೋಕೆ ಬಂದವರು ಕ್ಷಮಿಸಬೇಕು.

ಮುಂದಿನ ಸಲ ಏನು ಮಾಡ್ತೀನಿ ಅಂತ ಮಾತ್ರ ಗೊತ್ತಿದೆ. ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲೇ ಹಾಡು ಕೊಟ್ಟಿದ್ದರೆ ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟಿಗೆ ಮನವಿ ಕಳಿಸಬಹುದಿತ್ತು, ಅದನ್ನು ಮರೆಯಲ್ಲ. ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಹಾಡನ್ನು ನೇರವಾಗಿ ಮಾರಬಹುದು. ಡಿಜಿಟಲ್ ಮಾರಾಟದಲ್ಲಿ ಅವರು ಇಟ್ಟುಕೊಳ್ಳೋದು ನೂರಕ್ಕೆ 15, ಉಳಿದದ್ದರಲ್ಲಿ ಪಾವತಿ ಶುಲ್ಕ ಕಳೆದು ನಮಗೆ. ಅದಕ್ಕೆ 1,000 ಜನ ಬೇಕಿಲ್ಲ, ಕೊಳ್ಳೋ ಅರವತ್ತು ಜನ ಸಾಕು. ಆ ಅರವತ್ತು ಜನರ ಹೆಸರು ನಮಗೆ ಗೊತ್ತಿರಬೇಕು, ನಮ್ಮ ಹಾಡಿನೊಳಗಿರುವವರ ಹೆಸರು ಅವರಿಗೆ ಗೊತ್ತಿರಬೇಕು. ಜಾಹೀರಾತಿಗೆ ಇನ್ನು 10 ಸಾವಿರ ಹಾಕೋ ಬದಲು ಆ ದುಡ್ಡಿನಲ್ಲಿ ಎಷ್ಟು ಸಲ ಬೆಳಕವಾಡಿಗೆ ಹೋಗಿ ಬರಬಹುದು ಅಂತ ಲೆಕ್ಕ ಹಾಕಿದ್ದೀನಿ.

ಫಾರ್ಮ್ ತಿದ್ದಿದೆ. ಎಲ್ಲ ಆ್ಯಪ್‌ಗಳಲ್ಲಿ ಬದಲಾಗೋಕೆ ಮೂರು ವಾರ ಹಿಡಿಯಿತು. ನಾಲ್ಕನೇ ಹಾಡಿನ ಕೆಳಗೆ ಈಗ ಮೊದಲು ಅಜ್ಜಿ, ಆಮೇಲೆ ನಾನು. ಸ್ಕ್ರೀನ್‌ಶಾಟ್ ತೆಗೆದು ಮಾವನ ಫೋನಿಗೆ ಕಳಿಸಿದೆ. ಅಜ್ಜಿಗೆ ತೋರಿಸಿದರಂತೆ. ಅಕ್ಷರದ ಮೇಲೆ ಬೆರಳಾಡಿಸಿ, 'ದೊಡ್ಡವ್ವಂದು ಎಲ್ಲದೆ?' ಅಂದರಂತೆ.

ಕಲಿಸಿದವರ ಹೆಸರು ಬರೆಯೋಕೆ ಆ ಫಾರ್ಮಿನಲ್ಲಿ ಕಾಲಮ್ ಇಲ್ಲ. ಅವರ ಹೆಸರು ಇರೋದು ಆ ನೂರು ಪೆನ್‌ಡ್ರೈವಿನಲ್ಲಿ ಮಾತ್ರ, ಏಳನೇ ಫೈಲಿನ ಶುರುವಿನಲ್ಲಿ. 27 ಇನ್ನೂ ಉಳಿದಿವೆ.